ರೊಟ್ಟಿಯ ಲೆಕ್ಕದಿಂದ ಸಹಕಾರ ಸಂಘದವರೆಗೆ: ಊರಲ್ಲಿ ಕಲಿಕಾ ಕೂಟ ನಡೆಸುವ ಬಗೆ

ಒಂದು ಕಿಲೋ ಜೋಳದ ಹಿಟ್ಟಿಗೆ ಎಷ್ಟು ರೊಟ್ಟಿ ಆಗುತ್ತವೆ ಅಂತ ಉತ್ತರ ಕರ್ನಾಟಕದ ಯಾವ ಹೆಣ್ಣುಮಗಳನ್ನು ಕೇಳಿದರೂ ಥಟ್ಟನೆ ಹೇಳುತ್ತಾಳೆ. ಆ ರೊಟ್ಟಿ ತಟ್ಟಿದ್ದಕ್ಕೆ ಗಂಟೆಗೆ ಎಷ್ಟು ಕೂಲಿ ಬಿತ್ತು ಅಂತ ಕೇಳಿ ನೋಡಿ, ಸುಮ್ಮನಾಗುತ್ತಾಳೆ. ಲೆಕ್ಕ ಬರುವುದಿಲ್ಲ ಅಂತಲ್ಲ. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರುವುದಿಲ್ಲ. ನಾನು ನಡೆಸುವ ಕಲಿಕಾ ಕೂಟಗಳು ಶುರುವಾಗುವುದೇ ಅಲ್ಲಿಂದ.

ಒಗ್ಗಟ್ಟಿನ ಆರ್ಥಿಕತೆ ಅಂದರೆ ಸಾಲ, ಸರಕು, ದುಡಿಮೆ ಈ ಮೂರನ್ನೂ ಜನ ತಾವೇ ಕೂಡಿ ನಡೆಸುವುದು, ಬಂದದ್ದನ್ನು ತಾವೇ ಕೂತು ಹಂಚಿಕೊಳ್ಳುವುದು. ಹೆಸರು ಹೊಸದು ಅನ್ನಿಸಬಹುದು. 2023ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇದರ ಬಗ್ಗೆ ನಿರ್ಣಯ ಮಾಡಿದ ಮೇಲೆ ಈ ಮಾತು ಜಾಸ್ತಿ ಕೇಳಿಬರುತ್ತಿದೆ. ಕೆಲಸ ಮಾತ್ರ ನಮಗೆ ಹಳೆಯದೇ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಅನ್ನುವ ಮುಯ್ಯಾಳು ಇತ್ತು. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ದೇಶದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು.

ಸಂಘ ನೋಂದಣಿ ಮಾಡಿಸುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಸಂಘ ನಡೆಸಬಲ್ಲ ಜನರನ್ನು ತಯಾರು ಮಾಡುವ ಕೆಲಸಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಸ್ಪೇನಿನ ಬಾಸ್ಕ್ ಸೀಮೆಯ ಮೊಂಡ್ರಗಾನ್ ಇವತ್ತು ಜಗತ್ತಿನ ಅತಿ ದೊಡ್ಡ ಕಾರ್ಮಿಕ ಸಹಕಾರ ಗುಂಪುಗಳಲ್ಲಿ ಒಂದು. ಅಲ್ಲಿ ಮೊದಲು ಹುಟ್ಟಿದ್ದು ಕಾರ್ಖಾನೆಯಲ್ಲ, ಶಾಲೆ. ಹೊಸೆ ಮರಿಯಾ ಅರಿಜ್‌ಮೆಂಡಿಯರ್ರಿಯೆಟಾ ಎಂಬ ಪಾದ್ರಿ 1943ರಲ್ಲಿ ಊರಿನ ಹುಡುಗರಿಗಾಗಿ ತಾಂತ್ರಿಕ ಶಾಲೆ ತೆರೆದರು. ಅಲ್ಲಿ ಕಲಿತ ಐದು ಜನ ಸೇರಿ ಮೊದಲ ಸಹಕಾರಿ ಕಾರ್ಖಾನೆ ಶುರು ಮಾಡಿದ್ದು 1956ರಲ್ಲಿ. ನಡುವೆ 13 ವರ್ಷ. ನೀವು 13 ವರ್ಷ ಕಾಯಬೇಕಿಲ್ಲ. ಆದರೆ ಆರು ತಿಂಗಳಾದರೂ ಕೊಡಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಶುರುವಿನ ವರ್ಷಗಳಲ್ಲಿ ಒಂದು ಊರಿಗೆ ಮೂರು ದಿನದ ತರಬೇತಿ ಹಿಡಿದುಕೊಂಡು ಹೋಗಿದ್ದೆ. ಪ್ರೊಜೆಕ್ಟರ್ ಇತ್ತು, ಊಟ ಚೆನ್ನಾಗಿತ್ತು, ಎಲ್ಲರೂ ತಲೆ ಆಡಿಸಿದರು. ತಿಂಗಳೊಳಗೆ ಸಂಘ ಆಯಿತು, ಸಾಲವೂ ಬಂತು. ಲೆಕ್ಕದ ಪುಸ್ತಕ ಓದುಬರಹ ಬಲ್ಲ ಒಬ್ಬಳೇ ಹುಡುಗಿಯ ಕೈಯಲ್ಲಿ ಉಳಿಯಿತು. ಒಂದೂವರೆ ವರ್ಷಕ್ಕೆ ಅವಳು ಮದುವೆಯಾಗಿ ಬೇರೆ ಊರಿಗೆ ಹೋದಳು. ಯಾರು ಎಷ್ಟು ಕಟ್ಟಿದ್ದಾರೆ ಅಂತ ಹೇಳುವವರೇ ಇಲ್ಲವಾದರು. ಒಬ್ಬರ ಮೇಲೊಬ್ಬರು ಅನುಮಾನ ಪಟ್ಟರು. ಇಪ್ಪತ್ತು ವರ್ಷ ಅಕ್ಕಪಕ್ಕ ಬಾಳಿದ ಮನೆಯವರು ಮಾತು ಬಿಟ್ಟರು. ಆ ಹುಡುಗಿಯದು ಏನೂ ತಪ್ಪಿರಲಿಲ್ಲ. ತಪ್ಪು ನನ್ನದು.

ಮೊದಲ ಎರಡು ವಾರ: ಸುಮ್ನೆ ಕೇಳಿಸಿಕೊಳ್ಳಿ

ಪಾಠ ತಯಾರು ಮಾಡಿಕೊಂಡು ಹೋಗಬೇಡಿ. ಒಂದು ನೋಟ್‌ಬುಕ್ ಹಿಡಿದು ಹಿಟ್ಟಿನ ಗಿರಣಿ, ಹಾಲಿನ ಡೈರಿ, ನಲ್ಲಿ ಕಟ್ಟೆ, ರೇಷನ್ ಅಂಗಡಿಯ ಸಾಲು, ಬಸ್ ಸ್ಟಾಪ್ ಸುತ್ತಿ. ಜನ ಯಾವುದರ ಬಗ್ಗೆ ಸಿಟ್ಟಿನಿಂದ ಮಾತಾಡುತ್ತಾರೆ, ಯಾವುದರ ಬಗ್ಗೆ ದನಿ ಇಳಿಸಿ ಮಾತಾಡುತ್ತಾರೆ, ಅವೆರಡನ್ನೂ ಬರೆದುಕೊಳ್ಳಿ. ಸಿಟ್ಟಿನ ವಿಷಯ ಸಾಮಾನ್ಯವಾಗಿ ಬೆಲೆ. ದನಿ ಇಳಿಯುವ ವಿಷಯ ಸಾಲ.

ಬ್ರೆಜಿಲ್‌ನಲ್ಲಿ ದೊಡ್ಡವರಿಗೆ ಓದು ಬರಹ ಕಲಿಸುತ್ತಿದ್ದ ಶಿಕ್ಷಕ ಪಾಲೊ ಫ್ರೇರೆ ಮಾಡಿದ್ದು ಇದನ್ನೇ. ಅಕ್ಷರ ಕಲಿಸುವ ಮೊದಲು ಅವರ ತಂಡ ಜನರ ಬಾಯಲ್ಲಿ ಓಡಾಡುವ ಪದಗಳನ್ನು ಆರಿಸುತ್ತಿತ್ತು. ಇಟ್ಟಿಗೆ ಹೊರುವವನಿಗೆ 'ಇಟ್ಟಿಗೆ' ಎಂಬ ಪದದಿಂದಲೇ ಓದು ಶುರು. ಈ ಇಟ್ಟಿಗೆಯಿಂದ ಯಾರ ಮನೆ ಏಳುತ್ತಿದೆ, ನಿನ್ನ ಮನೆ ಯಾತರದ್ದು ಅನ್ನುವ ಮಾತುಕತೆ ಅಕ್ಷರದ ಜೊತೆಗೇ ಬರುತ್ತಿತ್ತು. 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಜನಕ್ಕೆ 40 ಗಂಟೆಗಳಲ್ಲಿ ಓದು ಬರಹ ಕಲಿಸುವ ಪ್ರಯೋಗ ನಡೆಯಿತು. ಮರುವರ್ಷ ಸೇನೆ ಅಧಿಕಾರ ಹಿಡಿದಾಗ ಫ್ರೇರೆಯವರನ್ನು ಜೈಲಿಗೆ ಹಾಕಿದರು. ಓದು ಕಲಿಸಿದ್ದಕ್ಕೆ ಜೈಲು ಅಂದರೆ ಆ ಓದಿಗೆ ಎಷ್ಟು ಶಕ್ತಿ ಇರಬೇಕು ಯೋಚಿಸಿ.

ನಮ್ಮ ಪಕ್ಕದ ನೆಲ್ಲೂರಿನಲ್ಲೂ ಹೀಗೇ ಆಗಿದೆ. 1990ರ ದಶಕದ ಆರಂಭದ ಸಾಕ್ಷರತಾ ತರಗತಿಗಳಲ್ಲಿ ಹೆಂಗಸರು ಸಾರಾಯಿ ಬಗ್ಗೆ ಪಾಠ ಓದಿದರು. ದೂಬಗುಂಟ ಎಂಬ ಹಳ್ಳಿಯಲ್ಲಿ ಅಂಗಡಿಯನ್ನೇ ಮುಚ್ಚಿಸಿದರು. ಆ ಕಿಚ್ಚು ಆಂಧ್ರದ ತುಂಬ ಹರಡಿ 1993ರಲ್ಲಿ ಅಲ್ಲಿ ಸಾರಾಯಿ ನಿಷೇಧವಾಯಿತು.

ನಿಮ್ಮ ಊರಿನ 'ಇಟ್ಟಿಗೆ' ಯಾವುದು? ಅದನ್ನು ಹುಡುಕುವುದೇ ಎರಡು ವಾರದ ಕೆಲಸ. ನನಗೆ ಸಿಕ್ಕಿದ್ದು ರೊಟ್ಟಿ. ಬೇರೆ ಕಡೆ ಅದು ಅಡಿಕೆ ಸುಲಿಯುವುದಿರಬಹುದು, ಬೀಡಿ ಕಟ್ಟುವುದಿರಬಹುದು, ಹಾಲಿನ ಫ್ಯಾಟ್ ಇರಬಹುದು.

ಕೂಟ ಸೇರಿಸುವುದು

12ರಿಂದ 20 ಜನ ಸಾಕು. ವಾರಕ್ಕೊಂದು ದಿನ, ಒಂದೂವರೆ ಗಂಟೆ. ಹೊತ್ತು ಯಾವುದು ಅಂತ ಅವರೇ ಹೇಳಲಿ, ನೀವು ಹೇಳಬೇಡಿ. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು, ಇಲ್ಲವಾದರೆ ಎಳೆ ತಾಯಂದಿರು ಎರಡನೇ ವಾರಕ್ಕೇ ಬರುವುದು ಬಿಡುತ್ತಾರೆ.

ಯಾರ್ಯಾರು ಒಟ್ಟಿಗೆ ಕೂರಬೇಕು ಅನ್ನುವುದನ್ನು ಹೊರಗಿನವರು ತೀರ್ಮಾನಿಸಿದರೆ ಕೆಡುತ್ತದೆ. 1980ರ ದಶಕದ ನಡುವೆ, ಹಳ್ಳಿಗಳಲ್ಲಿ ಕೆಲಸ ಮಾಡುವ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದವು. ಆಗ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಸಾಲ ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕಲ್ಲ, ನಮ್ಮ ಗುಂಪಿಗೆ ಅಂದರು. ಅವರು ಒಬ್ಬರನ್ನೊಬ್ಬರು ನಂಬುತ್ತಿದ್ದರು, ಅಷ್ಟೇ ಕಾರಣ. ಆ ನಂಬಿಕೆಯ ಮೇಲೆ ನಿಂತದ್ದೇ ಇವತ್ತಿನ ಸ್ವಸಹಾಯ ಸಂಘ. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಬಂತು.

ಇಲ್ಲೊಂದು ಕಷ್ಟದ ಮಾತು ಹೇಳಲೇಬೇಕು. ನಂಬಿಕೆ ಇದ್ದ ಕಡೆ ಗುಂಪು ಅಂದಾಗ, ಆ ನಂಬಿಕೆ ಬಹಳ ಸಲ ಜಾತಿಯ ಗೆರೆಯೊಳಗೇ ಇರುತ್ತದೆ. ಓಣಿಗೊಂದು ಗುಂಪಾಗಿ ದಲಿತರ ಕೇರಿ ಹೊರಗೇ ಉಳಿಯುತ್ತದೆ. ಹಳೆಯ ಕಾಲದ ಕೊಡುಕೊಳ್ಳುವಿಕೆ ಎಲ್ಲಾ ಸಮಾನವಾಗಿತ್ತು ಅಂತ ಹೊಗಳುವವರ ಮಾತನ್ನು ನಂಬಬೇಡಿ. ಊರಿನ ಕೆಲಸ ಮಾಡಿಕೊಟ್ಟು ಕಾಳು ಪಡೆಯುತ್ತಿದ್ದ ಕಮ್ಮಾರ, ಬಡಗಿ ಮುಂತಾದ ಆಯಗಾರರಿಗೆ ಕಣದಲ್ಲಿ ಪಾಲು ಸಿಗುತ್ತಿತ್ತು ನಿಜ, ಎಷ್ಟು ಸಿಗಬೇಕು ಅಂತ ಹೇಳುವ ಬಾಯಿ ಅವರಿಗೆ ಇರಲಿಲ್ಲ. ಅದಕ್ಕೇ ಮೊದಲ ದಿನವೇ ಗುಂಡಗೆ ಕೂರಿಸಿ, ಎಲ್ಲರೂ ನೆಲದ ಮೇಲೆ, ನೀವೂ ನೆಲದ ಮೇಲೆ. ಒಂದೇ ಕೊಡದ ನೀರು, ಒಂದೇ ಥರದ ಲೋಟ. ಭಾಷಣ ಬೇಡ. ಕೂಟದ ಜಾಗವನ್ನು ವಾರಕ್ಕೊಂದು ಓಣಿಗೆ ಬದಲಿಸುತ್ತಾ ಹೋಗಿ, ಕೇರಿಯೂ ಸರದಿಯಲ್ಲಿರಲಿ. ಕೆಲವರು ಒಂದೆರಡು ವಾರ ಬರದೇ ಇರಬಹುದು. ನಾವು ಕಾದಿದ್ದೇವೆ. ಬಂದಿದ್ದಾರೆ. ಬರದೇ ಉಳಿದವರೂ ಇದ್ದಾರೆ. ಅವರಿಗಾಗಿ ನಿಯಮ ಸಡಿಲ ಮಾಡಲಿಲ್ಲ.

ರೊಟ್ಟಿಯ ಲೆಕ್ಕ

ಇದು ಇಡೀ ತರಬೇತಿಯ ಜೀವ. ಒಂದೇ ಕೂತಿಗೆ ಮುಗಿಸಬೇಡಿ, ಎರಡು ವಾರ ಕೊಡಿ. ಬೇಕಾಗುವುದು ಒಂದು ಸೇರು ಹುಣಸೆ ಬೀಜ ಮತ್ತು ಸೀಮೆಸುಣ್ಣ. ಒಂದು ಬೀಜ ಅಂದರೆ ಒಂದು ರೂಪಾಯಿ.

ಇಲ್ಲಿ ಕೊಡುವ ಅಂಕಿಗಳು ತಿಳಿಯಲು ಇಟ್ಟುಕೊಂಡವು. ನಿಮ್ಮ ಊರಿನವು ಬೇರೆ ಇರುತ್ತವೆ, ಅವನ್ನೇ ಹಾಕಿ. ಪೇಟೆಯ ಅಂಗಡಿಯಲ್ಲಿ ಒಂದು ಕಡಕ್ ರೊಟ್ಟಿಗೆ 10 ರೂಪಾಯಿ, ಕಿಲೋ ಜೋಳಕ್ಕೆ 15 ರೊಟ್ಟಿ ಅಂತ ಇಟ್ಟುಕೊಳ್ಳೋಣ. ಅಂಗಡಿಯಲ್ಲಿ ಗಿರಾಕಿ ಕೊಡುವುದು 150. ನಡುವೆ 150 ಬೀಜ ಸುರಿಯಿರಿ. ಈಗ ಒಬ್ಬೊಬ್ಬರೇ ಬಂದು ಬೀಜ ಎಣಿಸಿ ಸುತ್ತಲೂ ಗುಡ್ಡೆ ಹಾಕಬೇಕು. ಜೋಳಕ್ಕೆ 50. ಗಿರಣಿಗೆ 6. ಉರುವಲಿಗೆ 14. ಪ್ಯಾಕಿಂಗ್‌ಗೆ 5. ಇಷ್ಟಕ್ಕೆ 75 ಹೋಯಿತು. ನಡುವಿನ ವ್ಯಾಪಾರಿ ರೊಟ್ಟಿಗೆ 6ರಂತೆ ಮನೆ ಬಾಗಿಲಲ್ಲಿ 90 ಕೊಟ್ಟು ಒಯ್ಯುತ್ತಾನೆ. ತಟ್ಟಿದವಳ ಗುಡ್ಡೆಗೆ 15 ಬೀಜ. ಜರಡಿ ಹಿಡಿದು, ನಾದಿ, ತಟ್ಟಿ, ಬೇಯಿಸಿ, ಒಣಗಿಸಲು ಒಂದೂವರೆ ಗಂಟೆ. ಅಂದರೆ ಗಂಟೆಗೆ 10 ರೂಪಾಯಿ.

ಇಲ್ಲಿ ನಿಲ್ಲಿ. ಮಾತಾಡಬೇಡಿ. ಆ ಸಣ್ಣ ಗುಡ್ಡೆಯನ್ನು ಅವರು ನೋಡಲಿ. ಒಂದು ಕೂಟದಲ್ಲಿ ಹಿರಿಯ ಹೆಂಗಸೊಬ್ಬರು ತಮ್ಮ ಅಂಗೈ ಮುಂದೆ ಚಾಚಿದರು. ಬೆಂಕಿಯ ಕಾವಿಗೆ ಬೆರಳ ತುದಿ ಗಟ್ಟಿಯಾಗಿ ಗೆರೆಗಳೇ ಅಳಿಸಿಹೋಗಿದ್ದವು. "ಹಂಗಾದ್ರ ಈ ಕೈಗೆ ಬೆಲೀನ ಇಲ್ಲೇನ್ರೀ?" ಅಂದರು. ನಾನು ಉತ್ತರ ಕೊಡಲಿಲ್ಲ. ಪಕ್ಕದವರು ಕೊಟ್ಟರು. ಆಮೇಲೆ ಒಂದು ಗಂಟೆ ನನ್ನ ಅಗತ್ಯವೇ ಬೀಳಲಿಲ್ಲ.

ನಡುವೆ ಇನ್ನೂ 60 ಬೀಜ ಉಳಿದಿವೆ. ಮುಂದಿನ ವಾರದ ಪಾಠ ಅದು. ಅವು ಎಲ್ಲಿಗೆ ಹೋದವು? ಇಲ್ಲಿ ಒಂದು ಎಚ್ಚರ: ಅಂಗಡಿಯವನು ಕಳ್ಳ ಅಂತ ಹೇಳಿಕೊಡುವುದು ಬಹಳ ಸುಲಭ, ಚಪ್ಪಾಳೆಯೂ ಬೀಳುತ್ತದೆ. ಹಾಗೆ ಮಾಡಬೇಡಿ. ಮೂರು ಜನರನ್ನು ಪೇಟೆಗೆ ಕಳಿಸಿ, ಅವರೇ ವಿಚಾರಿಸಿ ಬರಲಿ. ಆಟೋಗೆ 10, ಮುರಿದು ಹೋದ ರೊಟ್ಟಿಗೆ 8, ಅಂಗಡಿಗೆ 22, ನಡುವಿನ ವ್ಯಾಪಾರಿಗೆ 20 ಅಂತ ತಿಳಿದು ಬಂತು ಅನ್ನಿ. ಈಗ ಪ್ರಶ್ನೆ ಬದಲಾಗುತ್ತದೆ. ಇದರಲ್ಲಿ ಯಾವ ಕೆಲಸ ನಾವೇ ಮಾಡಬಹುದು? ಅಂಗಡಿಗೆ ನಾವೇ ಮುಟ್ಟಿಸಿದರೆ 20 ಉಳಿದು 15 ಇದ್ದದ್ದು 35 ಆಗುತ್ತದೆ. ಸುಗ್ಗಿಯಲ್ಲಿ ಜೋಳ ಕಿಲೋಗೆ 40ರಂತೆ ಸಿಕ್ಕರೆ ಇನ್ನೊಂದು 10, ಒಟ್ಟು 45. ಗಂಟೆಗೆ 30 ಬಿತ್ತು. ಅಂಗಡಿಗೆ ಓಡಾಡುವವರ ಹೊತ್ತು, ಜೋಳ ಕಾಪಿಡುವ ಖರ್ಚು ಇದರಲ್ಲಿ ಇನ್ನೂ ಸೇರಿಲ್ಲ. ಅದನ್ನು ಯಾರಾದರೂ ಎತ್ತಿ ಹೇಳುವವರೆಗೂ ಕಾಯಿರಿ. ಯಾರೋ ಒಬ್ಬರು ಎತ್ತೇ ಎತ್ತುತ್ತಾರೆ, ಆ ದಿನ ನಿಮ್ಮ ಪಾಠ ಹತ್ತಿತು ಅಂತ ಲೆಕ್ಕ.

ಸಾಲದ ಮಾತು

ಯಾರನ್ನೂ ಎಲ್ಲರ ಮುಂದೆ ನಿನಗೆಷ್ಟು ಸಾಲ ಅಂತ ಕೇಳಬೇಡಿ. ಬಾಯಿ ಕಿರಿದಾದ ಒಂದು ಮಡಕೆ ಇಡಿ. ಎಲ್ಲರ ಕೈಗೂ ಒಂದು ಹಿಡಿ ಬೀಜ ಕೊಡಿ. ವಾರಕ್ಕೆ ಎಷ್ಟು ಕಡೆ ಕಂತು ಕಟ್ಟುತ್ತಾರೋ ಅಷ್ಟು ಬೀಜ ಒಬ್ಬೊಬ್ಬರೇ ಹೋಗಿ ಹಾಕಿ ಬರಲಿ. ಆಮೇಲೆ ಮಡಕೆ ಬೋರಲು ಹಾಕಿ ಎಣಿಸಿ. ಯಾರ ಹೆಸರೂ ಇಲ್ಲ. ಆದರೆ 18 ಜನರ ಕೂಟದಲ್ಲಿ 40 ಬೀಜ ಬಿದ್ದಾಗ, ಇದು ನನ್ನೊಬ್ಬಳ ಪಾಡಲ್ಲ ಅಂತ ಎಲ್ಲರಿಗೂ ತಿಳಿಯುತ್ತದೆ. ದನಿ ಇಳಿಸಿ ಆಡುತ್ತಿದ್ದ ಮಾತು ಅಲ್ಲಿಂದ ಜೋರಾಗುತ್ತದೆ.

ಅದೇ ದಿನ ಬಡ್ಡಿಯ ಲೆಕ್ಕ ಕಲಿಸಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಅಂದರೆ ವರ್ಷಕ್ಕೆ 24. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು. 10,000 ಸಾಲಕ್ಕೆ ವರ್ಷಕ್ಕೆ ನೂರಕ್ಕೆ 12ರಂತೆ 1,200 ಬಡ್ಡಿ ಹಾಕಿ, ಅಸಲು ಬಡ್ಡಿ ಎರಡನ್ನೂ ಸೇರಿಸಿ 12 ಕಂತು ಮಾಡುತ್ತಾರೆ. ಪ್ರತಿ ತಿಂಗಳೂ ಅಸಲು ತೀರುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ 10,000ದ ಮೇಲೇ. ನಿಜವಾಗಿ ಬೀಳುವ ಬಡ್ಡಿ 21ರ ಮೇಲೆ. ಅಸಲಿಗೆ ಹತ್ತು ಬೀಜದ ಹನ್ನೆರಡು ಗುಡ್ಡೆ ಇಟ್ಟು, ತಿಂಗಳಿಗೊಂದು ಗುಡ್ಡೆ ತೆಗೆಯುತ್ತಾ ತೋರಿಸಿದರೆ ಶಾಲೆ ಮೆಟ್ಟಿಲು ಹತ್ತದವರಿಗೂ ಅರ್ಥವಾಗುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸುಗ್ರೀವಾಜ್ಞೆ ತಂದದ್ದನ್ನೂ ಹೇಳಿ. ಮನೆ ಮುಂದೆ ಬಂದು ಬೆದರಿಸುವುದು ತಪ್ಪು ಅಂತ ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಜಗಳ ಆಡುವುದನ್ನೂ ಕಲಿಯಬೇಕು

ದುಡ್ಡು ಬರುವ ಮೊದಲೇ ಜಗಳ ಆಡಿ ಮುಗಿಸಿ. ನಾಟಕದ ಹಾಗೆ ಆಡಿಸಿ. ಒಬ್ಬರು ಮೂರು ಕಂತು ಕಟ್ಟಿಲ್ಲ, ಮನೆಯಲ್ಲಿ ಗಂಡನಿಗೆ ಹುಷಾರಿಲ್ಲ ಅನ್ನುತ್ತಾರೆ, ಆದರೆ ಮೊನ್ನೆ ಹೊಸ ಟಿವಿ ಬಂದಿದೆ. ಸಂಘ ಏನು ಮಾಡಬೇಕು? ನಿಜ ಜೀವನದಲ್ಲಿ ಬಿಗಿಯಾಗಿರುವವರಿಗೆ ಸಾಲಗಾರಳ ಪಾತ್ರ ಕೊಡಿ. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಸರಿ, ನಮ್ಮ ಸಂಘದಲ್ಲಿ ಕೊಟ್ಟವರೂ ನಾವೇ, ಇಸ್ಕೊಂಡವರೂ ನಾವೇ, ಈಗ ಹೇಳಿ ಅಂತ ಕೇಳಿ. ಆ ಮಾತಿನಿಂದಲೇ ಅವರ ನಿಯಮಗಳು ಹುಟ್ಟುತ್ತವೆ. ಎಷ್ಟು ದಿನ ತಡ ಆದರೆ ದಂಡ, ಕಾಯಿಲೆ ಅಂದರೆ ಯಾರು ಹೋಗಿ ನೋಡಿ ಬರಬೇಕು, ಎಲ್ಲಾ ಅವರ ಬಾಯಿಂದಲೇ ಬರಲಿ. ಅವರ ಮಾತಿನಲ್ಲೇ ಬರೆಯಿರಿ, ತಿದ್ದಿ ಗ್ರಂಥದ ಭಾಷೆ ಮಾಡಬೇಡಿ.

ಸಭೆಗೆ ಪ್ರತಿ ವಾರ ಬೇರೆ ಬೇರೆ ಅಧ್ಯಕ್ಷೆ ಇರಲಿ. ಮಾತೇ ಆಡದವರ ಸರದಿ ಬಂದಾಗ ಯಾರೂ ಅವರ ಪರ ಮಾತಾಡಬಾರದು. ಎರಡು ನಿಮಿಷ ಮೌನವಾದರೂ ಪರವಾಗಿಲ್ಲ.

ಸಣ್ಣ ವ್ಯಾಪಾರ ಮಾಡಿ ನೋಡಿ

ಸುಮಾರು ಮೂರನೇ ತಿಂಗಳಿಗೆ ಒಂದು ಚಿಕ್ಕ ಕೆಲಸ ಕೈಗೆತ್ತಿಕೊಳ್ಳಿ. ಹೋದರೂ ಮನೆ ಮುಳುಗದಷ್ಟು ಚಿಕ್ಕದು. ಹಿಂಗಾರಿ ಜೋಳದ ಸುಗ್ಗಿ ಹತ್ತಿರವಿದ್ದರೆ ಅದೇ ಒಳ್ಳೆಯದು. 15 ಜನ ತಲೆಗೆ 400 ಹಾಕಿದರೆ 6,000. ಕಿಲೋಗೆ 40ರಂತೆ ಒಂದೂವರೆ ಕ್ವಿಂಟಲ್ ಬರುತ್ತದೆ. ಮೂವರು ಕೊಳ್ಳಲು, ಮೂವರು ತೂಗಲು, ಮೂವರು ಬರೆಯಲು. ಕೊಂಡವರು ತೂಗಬಾರದು, ತೂಗಿದವರು ಬರೆಯಬಾರದು. ಕಾಳು ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಕಟ್ಟಿ. ನಾಲ್ಕು ತಿಂಗಳಾದ ಮೇಲೆ ಮತ್ತೆ ತೂಗಿ. ತೂಕ ಸ್ವಲ್ಪ ಕಡಿಮೆಯಾಗಿರುತ್ತದೆ. ಯಾಕೆ ಕಡಿಮೆಯಾಯಿತು ಅನ್ನುವ ಚರ್ಚೆ ಬಿಸಿಯಾಗಿರುತ್ತದೆ, ಆಗಲಿ. ನಿಮ್ಮ ಪುಸ್ತಕದಲ್ಲಿ ಎಲ್ಲಾ ಬರೆದಿದ್ದರೆ ಅದೇ ಉತ್ತರ ಹೇಳುತ್ತದೆ.

ಪುಸ್ತಕದ ವಿಷಯದಲ್ಲಿ ನನ್ನದು ಒಂದೇ ಹಟ. ಕನಿಷ್ಠ ಮೂರು ಜನಕ್ಕೆ ಲೆಕ್ಕ ಬರೆಯಲು ಬರಬೇಕು, ಎಲ್ಲರಿಗೂ ಅದನ್ನು ಕೇಳಿ ತಿಳಿಯಲು ಬರಬೇಕು. ಬರೆಯುವವರು ಮೂರು ತಿಂಗಳಿಗೊಮ್ಮೆ ಬದಲಾಗಲಿ. ಪ್ರತಿ ಸಭೆಯ ಕೊನೆಗೆ ಪೆಟ್ಟಿಗೆಯ ದುಡ್ಡನ್ನು ಎಲ್ಲರೆದುರು ಎಣಿಸಿ, ಮೊತ್ತವನ್ನು ಗಟ್ಟಿಯಾಗಿ ಹೇಳಿ, ಎಲ್ಲರೂ ಒಟ್ಟಿಗೆ ಒಮ್ಮೆ ಹೇಳಲಿ. ಮುಂದಿನ ವಾರ ಪೆಟ್ಟಿಗೆ ತೆಗೆಯುವ ಮೊದಲು, ಹೋದ ವಾರ ಎಷ್ಟಿತ್ತು ಅಂತ ಕೇಳಿ. ಓದು ಬಾರದವರೇ ಮೊದಲು ಹೇಳುತ್ತಾರೆ. ಅವರ ನೆನಪೇ ನಿಮ್ಮ ಮೊದಲ ಆಡಿಟ್.

ನೋಂದಣಿ

ಇದಕ್ಕೆ ಅವಸರ ಬೇಡ. ಉಳಿತಾಯ ಮತ್ತು ಸಾಲಕ್ಕಷ್ಟೇ ಆದರೆ ಸ್ವಸಹಾಯ ಸಂಘ ಸಾಕು. ಸರಕು ಕೊಂಡು ಮಾರುವುದಾದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಇದೆ. ಸರ್ಕಾರದ ಕೈ ಕಡಿಮೆ ಇರಲಿ ಅನ್ನುವವರಿಗೆ 1997ರ ಸೌಹಾರ್ದ ಸಹಕಾರಿ ಕಾಯ್ದೆ ಇದೆ. ಬೆಳೆಗಾರರೇ ಸೇರುವುದಾದರೆ 10 ಜನರಿಂದ ಉತ್ಪಾದಕರ ಕಂಪನಿ ಮಾಡಬಹುದು. ಯಾವುದನ್ನು ಆರಿಸಿದರೂ ದುಡ್ಡು ಎಷ್ಟೇ ಹಾಕಿರಲಿ, ಒಬ್ಬರಿಗೆ ಒಂದೇ ಓಟು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ.

ನೋಂದಣಿಗೆ ಮೊದಲು ನಡೆಯುತ್ತಿರುವ ಒಂದು ಸಂಘವನ್ನು ಕಣ್ಣಾರೆ ನೋಡಿ ಬನ್ನಿ. ಹತ್ತಿರದ ಹಾಲಿನ ಸಂಘವೂ ಆದೀತು. ಕಾಫಿ ಬೋರ್ಡಿನ ಕಾಫಿ ಹೌಸ್‌ಗಳು ಮುಚ್ಚಿ ಕೆಲಸ ಕಳೆದುಕೊಂಡ ನೌಕರರು ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಆ ಸರಣಿಯ ಮೊದಲ ಸಂಘ 1957ರ ಆಗಸ್ಟಿನಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಬಡಿಸುವವರೇ ಮಾಲೀಕರು ಅನ್ನುವ ಮಾತು ಕೇಳಿ ನಮ್ಮ ಕೂಟದವರು ಬಹಳ ಹೊತ್ತು ಅದನ್ನೇ ಮಾತಾಡಿದರು. ನೋಡಲು ಹೋದಾಗ ಅಧ್ಯಕ್ಷರನ್ನಷ್ಟೇ ಅಲ್ಲ, ಹಾಲು ಹಾಕುವವರನ್ನೂ ಮಾತಾಡಿಸಿ. ನಿಮ್ಮ ಸಂಘಕ್ಕೆ ಹೋದ ವರ್ಷ ಎಷ್ಟು ಉಳಿಯಿತು, ಅದು ಎಲ್ಲಿಗೆ ಹೋಯಿತು ಅಂತ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಅದೂ ನಿಮಗೊಂದು ಪಾಠ.

ಉಳಿದ ಲಾಭದಲ್ಲಿ ಆಪತ್ತಿಗೆ ಒಂದು ಪಾಲು, ಹಂಚಲು ಒಂದು ಪಾಲು, ಕಲಿಕೆಗೆ ಒಂದು ಪಾಲು ಅಂತ ಮೊದಲೇ ಬರೆದಿಡಿ. ಲಾಭ ಬಂದ ಮೇಲೆ ಬರೆಯಲು ಕೂತರೆ ಕಲಿಕೆಯ ಪಾಲು ಉಳಿಯುವುದಿಲ್ಲ.

ಪಕ್ಕದ ಊರಿಗೆ

ಆರನೇ ತಿಂಗಳಿಗೆ ನೀವು ಹಿಂದೆ ಸರಿಯಿರಿ. ಕೂಟದ ಇಬ್ಬರು ಪಕ್ಕದ ಊರಿನಲ್ಲಿ ಹೊಸ ಕೂಟ ನಡೆಸಲಿ, ನೀವು ಹಿಂದಿನ ಸಾಲಿನಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಿ. ಇದು ನನಗೆ ಎಲ್ಲಕ್ಕಿಂತ ಕಷ್ಟವಾದ ಹೆಜ್ಜೆ. ಅವರು ಒಂದೆರಡು ಕಡೆ ತಪ್ಪು ಹೇಳಬಹುದು. ಅಲ್ಲೇ ತಿದ್ದಬೇಡಿ, ವಾಪಸ್ ಬರುವಾಗ ಬಸ್ಸಿನಲ್ಲಿ ಮಾತಾಡಿ. ಅವರಿಗೆ ಬಸ್ ಚಾರ್ಜು, ಆ ದಿನದ ಕೂಲಿ ಎರಡೂ ಕಲಿಕೆಯ ಪಾಲಿನಿಂದ ಸಿಗಬೇಕು. ಪುಕ್ಕಟೆ ಮಾಡಿಸಬೇಡಿ. ಹೋಗುವಾಗ ಅವರ ಚೀಲದಲ್ಲಿ ಒಂದು ಸೇರು ಹುಣಸೆ ಬೀಜ, ಸೀಮೆಸುಣ್ಣ, ಒಂದು ಸಣ್ಣ ಮಡಕೆ ಮತ್ತು ತಮ್ಮ ಸಂಘದ ಲೆಕ್ಕದ ಪುಸ್ತಕದ ಒಂದು ಜೆರಾಕ್ಸ್ ಇರಲಿ. ಅದರಲ್ಲಿ ಹೊಡೆದು ಹಾಕಿ ತಿದ್ದಿ ಬರೆದ ಸಾಲುಗಳನ್ನು ಹಾಗೇ ಬಿಟ್ಟಿರಿ, ಹೊಸಬರು ಮೊದಲು ಕೇಳುವುದು ಅದರ ಬಗ್ಗೆಯೇ.